ಮರದಿಂದ ಇಳಿದ ಮೇಷ್ಟ್ರು

ಒಂದು ಕಾಡಿನ ನಡುವೆ ಬೆಳ್ಳಿಮಡು ಅಂತ ಒಂದು ಮಡು ಇತ್ತು. ಮಳೆಗಾಲದಲ್ಲಿ ಅದರ ಸುದ್ದಿಗೆ ಯಾರೂ ಹೋಗುತ್ತಿರಲಿಲ್ಲ, ಆಗ ಕಾಡಿನ ತುಂಬ ನೀರು. ಬೇಸಿಗೆ ಬಂತೆಂದರೆ ಮಾತ್ರ ಎಲ್ಲರಿಗೂ ಅದರ ನೆನಪಾಗುತ್ತಿತ್ತು. ಹಳ್ಳಗಳೆಲ್ಲ ಬತ್ತಿ, ಬಂಡೆಗಳು ಕಾದು, ಇಡೀ ಕಾಡಿಗೆ ಉಳಿಯುತ್ತಿದ್ದದ್ದು ಅದೊಂದೇ ನೀರು.

ಮಡುವಿಗೆ ಎರಡು ದಂಡೆ. ಒಂದು ನೆರಳುದಂಡೆ. ಅಲ್ಲಿ ಅತ್ತಿ, ಹೊಂಗೆ ಮರಗಳ ಕೆಳಗೆ ಆಳದ ನೀರು, ಎಂಥ ಬೇಸಿಗೆಯಲ್ಲೂ ಮಣ್ಣು ಒದ್ದೆ. ಇನ್ನೊಂದು ಬಿಸಿಲುದಂಡೆ. ಅಲ್ಲಿ ನೀರು ಮೊಣಕಾಲುದ್ದ. ಅದೂ ಎರಡು ತಿಂಗಳಲ್ಲಿ ಆರಿಹೋಗಿ ಕೆಸರು ಬಿರುಕು ಬಿಡುತ್ತಿತ್ತು.

ನೆರಳುದಂಡೆ ಯಾರಿಗೆ ಅಂತ ಮೊದಲೆಲ್ಲ ಹೊಡೆದಾಟವೇ ಆಗುತ್ತಿತ್ತಂತೆ. ಕೊಂಬು ಮುರಿದು, ಕಿವಿ ಹರಿದು, ಸಾಕು ಸಾಕಾಗಿ ಹಿರಿಯರು ಒಂದು ಕಟ್ಟಳೆ ಮಾಡಿದರು. ಬೇಸಿಗೆ ಕಾಲಿಡುವಾಗ ಒಂದು ಕಬಡ್ಡಿ ಪಂದ್ಯ. ಗುಡ್ಡದವರ ಕಡೆಯಿಂದ ಐದು ಜನ, ನೀರಂಚಿನವರ ಕಡೆಯಿಂದ ಐದು ಜನ. ಗೆದ್ದವರಿಗೆ ಮಳೆ ಬರುವ ತನಕ ನೆರಳುದಂಡೆ, ಸೋತವರಿಗೆ ಬಿಸಿಲುದಂಡೆ. ಆಮೇಲೆ ತಕರಾರು ಮಾಡುವ ಹಾಗಿಲ್ಲ.

ಗುಡ್ಡದವರ ನಾಯಕ ಕಾಡುಹಂದಿ ಕೆಂಚಣ್ಣ. ಅವನ ಜೊತೆಗೆ ಒಂದು ಕಡವೆ, ಒಂದು ಮುಸುವ, ಇನ್ನೆರಡು ಹಂದಿ. ನೀರಂಚಿನವರ ನಾಯಕಿ ಏಡಿ ನಿಂಗವ್ವ. ಅವಳ ಜೊತೆಗೆ ಕಪ್ಪೆ ಬೋರಯ್ಯ, ಉಡ ಕಾಳಪ್ಪ, ಮೊಲ ಚೆಲುವಿ, ಆಮೆ ದೊಡ್ಡತಾಯಿ. ಯಾರು ಗೆಲ್ಲುತ್ತಿದ್ದರು ಅಂತ ನಾನು ಬೇರೆ ಹೇಳಬೇಕೆ ಮಕ್ಕಳೇ? ಮೂರು ಬೇಸಿಗೆಯಿಂದ ಗುಡ್ಡದವರೇ ನೆರಳಲ್ಲಿ ಹೊರಳಾಡುತ್ತಿದ್ದರು.

ನೀರಂಚಿನವರಿಗೆ ಆಟ ಕಲಿಸುತ್ತಿದ್ದವರು ಒಬ್ಬ ಗೊರವಂಕ. ಹೆಸರು ಪುಟ್ಟರಸಯ್ಯ. ಹಳದಿ ಕೊಕ್ಕು, ನೆಟ್ಟಗಿನ ನಡಿಗೆ, ಕಂಚಿನ ಕಂಠ. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಕಾಡಿಗೆ ಬರುವ ಮೊದಲು ಅವರು ಒಂದು ಊರಿನ ಶಾಲೆಯ ಮೈದಾನದ ಬೇವಿನ ಮರದಲ್ಲಿ ವಾಸವಾಗಿದ್ದವರು. ಆ ಶಾಲೆಯ ಡ್ರಿಲ್ ಮೇಷ್ಟ್ರು ಪಂದ್ಯಕ್ಕೆ ಮುಂಚೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಂದು ಭಾಷಣ ಮಾಡುತ್ತಿದ್ದರು. ಪುಟ್ಟರಸಯ್ಯ ಕೊಂಬೆಯ ಮೇಲೆ ಕೂತು ಅದನ್ನು ಒಂದಕ್ಷರ ಬಿಡದೆ ಬಾಯಿಪಾಠ ಮಾಡಿಕೊಂಡಿದ್ದರು. ತಮ್ಮ ಇಡೀ ವಿದ್ಯೆ ಆ ಭಾಷಣವೇ ಎಂದು ಅವರ ನಂಬಿಕೆ.

ಈ ಸಲ ಪಂದ್ಯದ ಹಿಂದಿನ ದಿನ ನಿಂಗವ್ವ ಮೇಷ್ಟ್ರನ್ನು ಹುಡುಕಿಕೊಂಡು ಅತ್ತಿಮರದ ಬುಡಕ್ಕೆ ಬಂದಳು. ಅವಳ ಹೊಟ್ಟೆಯ ಮಡಿಕೆಯೊಳಗೆ ರಾಗಿಕಾಳಿನಷ್ಟು ಚಿಕ್ಕ ಮರಿಗಳು ಮಿಸುಕಾಡುತ್ತಿದ್ದವು.

"ಮೇಷ್ಟ್ರೇ, ಹೋದ ಬೇಸಿಗೆಯಲ್ಲಿ ಬಿಸಿಲುದಂಡೆಯಲ್ಲಿ ಬಿಲ ತೋಡಿದ್ದೆ. ನೀರು ಆರಿತು, ಮಣ್ಣು ಇಟ್ಟಿಗೆ ಆಯ್ತು. ಒಂದು ಮರಿಯೂ ಉಳೀಲಿಲ್ಲ. ಈ ಸಲ ನೆರಳುದಂಡೆ ಸಿಗಲೇಬೇಕು."

"ಸಿಗುತ್ತೆ ನಿಂಗವ್ವ. ಭಾಷಣ ಚೆನ್ನಾಗಿ ತಯಾರು ಮಾಡಿದ್ದೀನಿ," ಎಂದರು ಮೇಷ್ಟ್ರು ಕೊಂಬೆಯ ಮೇಲಿಂದ.

ನಿಂಗವ್ವ ಇನ್ನೇನೋ ಹೇಳಲು ಹೊರಟಳು. ಮೇಷ್ಟ್ರು ಆಗಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

ಮರುದಿನ ಬೆಳಗ್ಗೆ ಕಾಡೆಲ್ಲ ಮಡುವಿನ ಬಳಿ ಸೇರಿತು. ಪಂಚಾಯ್ತಿಗೆ ನಿಂತವಳು ಗೌರಜ್ಜಿ ಎಂಬ ಮುದಿ ಆನೆ. ಅವಳು ಯಾವ ದಂಡೆಯಲ್ಲಿ ನೀರು ಕುಡಿದರೂ ಕೇಳುವವರಿರಲಿಲ್ಲ, ಹಾಗಾಗಿ ಅವಳಷ್ಟು ನಿಷ್ಪಕ್ಷಪಾತಿ ಬೇರೆ ಯಾರೂ ಇರಲಿಲ್ಲ. ಅತ್ತಿಮರದ ನೆರಳು ಕುಗ್ಗುತ್ತಾ ನಡುಗೆರೆಗೆ ಬಂದರೆ ಅರ್ಧ ಆಟ, ಮರದ ಬುಡಕ್ಕೆ ಬಂದರೆ ಪೂರ್ತಿ ಆಟ. ಒಂದು ಅಂಕಕ್ಕೆ ಒಂದು ಅತ್ತಿಕಾಯಿಯನ್ನು ಅವಳು ಸೊಂಡಿಲಿನಿಂದ ಎತ್ತಿ ಆಯಾ ಕಡೆ ಇಡಬೇಕು.

ಮೇಷ್ಟ್ರು ಎತ್ತರದ ಕೊಂಬೆ ಹಿಡಿದರು. ರೆಕ್ಕೆ ಕೊಡವಿದರು. ಶುರು ಮಾಡಿದರು.

"ಯಾರು ನೀವು? ಹುಲಿಗಳು! ಹುಲಿ ಹಿಂದೆ ನೋಡುತ್ತಾ? ಇಲ್ಲ. ಹುಲಿ ಹೆದರುತ್ತಾ? ಇಲ್ಲ. ಗರ್ಜಿಸಿ, ನೇರ ನುಗ್ಗಿ, ಎದೆಗೆ ಎದೆ ಕೊಟ್ಟು ಹೊಡೆಯಿರಿ. ಸೋಲು ಅನ್ನೋ ಮಾತು ಹುಲಿಯ ಜಾತಿಯಲ್ಲೇ ಇಲ್ಲ!"

ಭಾಷಣ ಏನೋ ಭರ್ಜರಿಯಾಗಿತ್ತು. ಬೋರಯ್ಯನ ಗಂಟಲು ಉಬ್ಬಿತು. ಚೆಲುವಿ ಮಾತ್ರ 'ಹುಲಿ' ಎಂದಾಗಲೆಲ್ಲ ಒಂದು ಸಲ ಬೆನ್ನ ಹಿಂದೆ ತಿರುಗಿ ನೋಡಿದಳು. ಆದರೂ ಕೊನೆಗೆ ಅವಳಿಗೂ ಮೈ ಬಿಸಿಯಾಯಿತು. ಐದೂ ಜನ ಹುಲಿಗಳಾಗಿಯೇ ಅಂಗಳಕ್ಕೆ ಇಳಿದರು.

ಹುಲಿಗಳಾದ ಮೇಲೆ ಏನಾಯಿತು ಕೇಳಿ. ಬೋರಯ್ಯ ಮೊದಲ ದಾಳಿಗೆ ಹೋದವನು ಗೆರೆ ದಾಟಿದ ಕೂಡಲೇ ಒಂದು ಗರ್ಜನೆ ಹಾಕಿದ. ಇದ್ದ ಉಸಿರೆಲ್ಲ ಆ ಗರ್ಜನೆಗೇ ಖರ್ಚಾಯಿತು. 'ಕಬಡ್ಡಿ' ಎನ್ನಲು ಬಾಯಿ ತೆರೆದರೆ ಗಾಳಿಯೂ ಬರಲಿಲ್ಲ. ಚೆಲುವಿ ಎದೆಗೆ ಎದೆ ಕೊಡುತ್ತೇನೆಂದು ಕಡವೆಯ ಮೇಲೆ ಹಾರಿ, ಅದರ ಮೊಣಕಾಲಿಗೆ ತಗುಲಿ ಕೆಳಗೆ ಬಿದ್ದಳು. ಕಾಳಪ್ಪ ಪಂಜ ಬೀಸಿ ಬೀಸಿ ಗಾಳಿಗೆ ಹೊಡೆದ. ದೊಡ್ಡತಾಯಿ ಕೆಂಚಣ್ಣನನ್ನು ಬೆನ್ನಟ್ಟಿ ಓಡಿದಳು. ಅವನು ಮುಟ್ಟಿ ವಾಪಸ್ ಹೋಗಿ ನೀರು ಕುಡಿದು ಬಂದರೂ ಅವಳ ಓಟ ಇನ್ನೂ ನಡೆದೇ ಇತ್ತು.

ಎಲ್ಲಕ್ಕಿಂತ ಕಷ್ಟ ನಿಂಗವ್ವನದು. ಹುಲಿ ನೇರ ನುಗ್ಗುತ್ತದೆ ಎಂದು ಮೇಷ್ಟ್ರು ಹೇಳಿದ್ದರಲ್ಲ, ಹುಟ್ಟಿದಾಗಿನಿಂದ ಅಡ್ಡಡ್ಡ ನಡೆದವಳು ಇಂದು ನೇರ ನಡೆಯಲು ಹೊರಟಳು. ಒಂದು ಕಾಲಿಗೆ ಇನ್ನೊಂದು ಸಿಕ್ಕಿಕೊಂಡು ಗೆರೆಯ ಮೇಲೇ ಮುಗ್ಗರಿಸಿದಳು. ಗುಡ್ಡದವರ ಕಡೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ನೆರಳು ನಡುಗೆರೆಗೆ ಬಂತು. ಗೌರಜ್ಜಿ ಸೊಂಡಿಲೆತ್ತಿ ಊದಿದಳು. ಗುಡ್ಡದವರ ಕಡೆ ಒಂಬತ್ತು ಅತ್ತಿಕಾಯಿ, ನೀರಂಚಿನವರ ಕಡೆ ಎರಡು. ಆ ಎರಡು ಕಾಯಿಯೂ ಹಂದಿಗಳು ತಾವಾಗಿಯೇ ಗೆರೆ ತುಳಿದು ಕೊಟ್ಟದ್ದು.

ಐವರೂ ಅತ್ತಿಮರದ ಕೆಳಗೆ ಬಂದು ಕುಸಿದರು. ಮೇಷ್ಟ್ರಿಗೆ ಕಸಿವಿಸಿ ಆಯಿತು. ಆದರೆ ಭಾಷಣದ ಎರಡನೇ ಭಾಗ ಇನ್ನೂ ಬಾಕಿ ಇತ್ತು. ಅದು ಸಿಂಹದ್ದು. ಅವರು ರೆಕ್ಕೆ ಕೊಡವಿ, "ಸಿಂಹದ ಮರಿಗಳೇ" ಎಂದು ಶುರು ಮಾಡಿದರು.

"ಮೇಷ್ಟ್ರೇ," ಎಂದಳು ನಿಂಗವ್ವ. "ಒಂದು ಮಾತು ಕೇಳಲಾ? ನೀವು ಹುಲಿ ನೋಡಿದ್ದೀರಾ?"

ಮೇಷ್ಟ್ರು ಕೊಡವಿದ್ದ ರೆಕ್ಕೆ ಮಡಿಚಿಕೊಂಡರು. ಅವರು ನೋಡಿರಲಿಲ್ಲ. ಶಾಲೆಯ ಗೋಡೆಯ ಮೇಲೆ ಬರೆದದ್ದನ್ನು ನೋಡಿದ್ದರು, ಅಷ್ಟೇ.

"ನಾನು ನೋಡಿದ್ದೀನಿ. ಹೋದ ಚಳಿಗಾಲ ನೀರಿಗೆ ಬಂದಿತ್ತು. ನನ್ನ ಮೇಲೆ ಪಂಜ ಹಾಕಿತು. ನಾನು ಅಡ್ಡಕ್ಕೆ ಸರಿದೆ. ಮತ್ತೆ ಹಾಕಿತು, ಮತ್ತೆ ಸರಿದೆ. ಕಲ್ಲಿನ ಸಂದಿಗೆ ಹೋದೆ. ಆವತ್ತು ನಾನೇನಾದರೂ ಹುಲಿ ಥರ ನೇರಕ್ಕೆ ಹೋಗಿದ್ದರೆ ಇವತ್ತು ನಿಮ್ಮ ಮುಂದೆ ಇರ್ತಿರಲಿಲ್ಲ."

ಬೋರಯ್ಯ ನೆಲ ನೋಡುತ್ತಾ ಕೂತ. ದೂರದಲ್ಲಿ ಕೆಂಚಣ್ಣನ ಗುಂಪು ಆಗಲೇ ನೆರಳುದಂಡೆಯಲ್ಲಿ ಯಾರ ಜಾಗ ಎಲ್ಲಿ ಎಂದು ಹಂಚಿಕೊಳ್ಳುತ್ತಿತ್ತು.

ಮೇಷ್ಟ್ರಿಗೆ ನಾಚಿಕೆಯಾಯಿತು, ತುಂಬಾ ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಅವರಿಗೆ ಹಳೆಯ ಮೈದಾನ ನೆನಪಿಗೆ ಬಂತು. ಆ ಶಾಲೆಯ ಸಣ್ಣ ಮಕ್ಕಳ ತಂಡ ಒಂದು ಸಲ ಪಕ್ಕದ ಊರಿನ ದಾಂಡಿಗರನ್ನು ಸೋಲಿಸಿತ್ತು. ಆವತ್ತು ಡ್ರಿಲ್ ಮೇಷ್ಟ್ರು ಭಾಷಣವನ್ನು ಮೊದಲೇನೋ ಮಾಡಿದ್ದರು. ಆಮೇಲೆ ಅರ್ಧ ಆಟದಲ್ಲಿ ಮಕ್ಕಳ ಮಧ್ಯೆ ಕುಕ್ಕರುಗಾಲಿನಲ್ಲಿ ಕೂತು, ಒಬ್ಬೊಬ್ಬರ ಹೆಗಲ ಮೇಲೂ ಕೈಯಿಟ್ಟು ಮೆತ್ತಗೆ ಏನೋ ಹೇಳಿದ್ದರು. ಅದೇನೆಂದು ಬೇವಿನ ಮರದ ಮೇಲಿದ್ದ ಪುಟ್ಟರಸಯ್ಯನವರಿಗೆ ಕೇಳಿಸಿರಲಿಲ್ಲ. ಕೇಳಿಸದ್ದನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಮೂರು ವರ್ಷ ಜೋರಾಗಿ ಹೇಳಿದ್ದನ್ನಷ್ಟೇ ಕಲಿಸಿದ್ದೆನಲ್ಲ ಎಂದುಕೊಂಡರು ಮೇಷ್ಟ್ರು.

ಅವರು ಕೊಂಬೆಯಿಂದ ನೆಲಕ್ಕೆ ಇಳಿದರು. ಮೇಷ್ಟ್ರು ನೆಲದ ಮೇಲೆ ನಿಂತದ್ದನ್ನು ಆ ಐವರು ಅವತ್ತೇ ನೋಡಿದ್ದು. ಇಷ್ಟು ಕುಳ್ಳಗಿದ್ದಾರೆ ಅಂತ ಅವರಿಗೆ ಗೊತ್ತೇ ಇರಲಿಲ್ಲ.

"ನೀವು ಹುಲಿಗಳಲ್ಲ," ಎಂದರು ಮೇಷ್ಟ್ರು. ದನಿ ಸಣ್ಣಗಿತ್ತು. "ನಾನು ತಪ್ಪು ಹೇಳಿದೆ. ನನ್ನ ತಪ್ಪಿಗೆ ನೀವು ಬಿಸಿಲಲ್ಲಿ ಬೆಂದಿರಿ. ಈಗ ಹತ್ತಿರ ಬನ್ನಿ."

ಐವರೂ ಹತ್ತಿರ ಸರಿದರು.

"ಬೋರಯ್ಯ, ಮೊದಲ ಮಳೆ ಬಿದ್ದ ರಾತ್ರಿ ನೀನು ವಟಗುಟ್ಟಕ್ಕೆ ಶುರು ಮಾಡಿದರೆ ಯಾವಾಗ ನಿಲ್ಲಿಸ್ತೀಯ?"

"ಬೆಳಕು ಹರಿದಾಗ ಮೇಷ್ಟ್ರೇ."

"ಗೊತ್ತು. ನಿದ್ದೆಯಿಲ್ಲದೆ ನಿನ್ನನ್ನ ಬೈದುಕೊಂಡಿದ್ದೀನಿ. ಕೆಂಚಣ್ಣನ ಉಸಿರು ಹದಿನೈದು ಕಬಡ್ಡಿಗೆ ಮುಗಿದುಹೋಗುತ್ತೆ. ನಿಂದು ಎಷ್ಟಕ್ಕೆ ಮುಗಿಯುತ್ತೆ?"

ಬೋರಯ್ಯ ಯೋಚನೆ ಮಾಡಿದ. "ಎಣಿಸಿಲ್ಲ ಮೇಷ್ಟ್ರೇ. ಮುಗಿದದ್ದು ನೆನಪಿಲ್ಲ."

"ಹಾಗಾದರೆ ಗರ್ಜನೆ ಬಿಡು. ಒಳಗೆ ಹೋಗಿ ನಿಧಾನಕ್ಕೆ ಸುತ್ತಾಡು. ಅವರು ನಿನ್ನ ಉಸಿರು ಈಗ ಮುಗಿಯುತ್ತೆ, ಆಗ ಮುಗಿಯುತ್ತೆ ಅಂತ ಕಾಯ್ತಾ ಕಾಯ್ತಾ ಮೈಮರೀತಾರೆ. ಆಗ ಮುಟ್ಟು."

ಆಮೇಲೆ ಅವರು ಉಡದ ಕಡೆ ತಿರುಗಿದರು. "ಕಾಳಪ್ಪ, ಹೋದ ವರ್ಷ ಗಾಳಿಗೆ ಹೊಂಗೆಮರ ಬಿತ್ತು. ನೀನು ಕೊಂಬೆ ಹಿಡಿದುಕೊಂಡಿದ್ದೆ. ಮರ ಬಿತ್ತು, ನೀನು ಬಿಡಲಿಲ್ಲ. ಹೊಡೆಯೋದು ನಿನ್ನ ಕೆಲಸ ಅಲ್ಲ. ಹಿಡಿ, ಬಿಡಬೇಡ."

"ಹಂದಿ ನನ್ನನ್ನೇ ಎಳಕೊಂಡು ಹೋದರೆ?"

"ಅದಕ್ಕೇ ದೊಡ್ಡತಾಯಿ ಇದ್ದಾರೆ. ತಾಯಿ, ನೀವು ಓಡಬೇಡಿ. ಕಾಳಪ್ಪನ ಬಾಲದ ಮೇಲೆ ಕೂತುಬಿಡಿ. ಹೋದ ಸಲ ನೀವು ದಾರಿಯಲ್ಲಿ ಕೂತಿದ್ದಾಗ ಇದೇ ಕೆಂಚಣ್ಣ ಮೂತಿಯಿಂದ ನೂಕಿ ನೂಕಿ ಸೋತು, ಬಳಸಿಕೊಂಡು ಹೋದದ್ದನ್ನ ನಾನು ನೋಡಿದ್ದೀನಿ."

"ಕೂರೋದಾ? ಅಷ್ಟೇನಾ?" ಎಂದಳು ದೊಡ್ಡತಾಯಿ. ಅವಳ ಮುಖದಲ್ಲಿ ಮೂರು ವರ್ಷದಲ್ಲಿ ಮೊದಲ ಸಲ ನಗು ಕಾಣಿಸಿತು. ಕಾಳಪ್ಪ ಮಾತ್ರ ತನ್ನ ಬಾಲವನ್ನೊಮ್ಮೆ ನೋಡಿಕೊಂಡ.

"ಚೆಲುವಿ, ನಿನಗೆ ಹೆದರಿಕೆ ಜಾಸ್ತಿ."

ಚೆಲುವಿ ತಲೆ ತಗ್ಗಿಸಿದಳು.

"ತಲೆ ಎತ್ತು ಮಗಳೇ. ಹೆದರಿಕೆ ಬಂದಾಗ ನಿನ್ನಷ್ಟು ಬೇಗ ತಿರುಗೋರು ಈ ಕಾಡಲ್ಲಿ ಇನ್ನೊಬ್ಬರಿಲ್ಲ. ಹೆದರಿಕೊಂಡೇ ಹೋಗು. ಮುಟ್ಟು, ಹೆದರು, ಓಡಿ ಬಾ."

ಕೊನೆಗೆ ಮೇಷ್ಟ್ರು ನಿಂಗವ್ವನ ಮುಂದೆ ನಿಂತರು. ಅವಳ ಕಾಲುಗಳಲ್ಲಿ ಒಂದು ಉಳಿದವುಗಳಿಗಿಂತ ಚಿಕ್ಕದಿತ್ತು. ಹಿಂದೆ ಒಂದು ಕೊಕ್ಕರೆ ಆ ಕಾಲನ್ನು ಕಚ್ಚಿ ಹಿಡಿದಾಗ ಅವಳು ಕಾಲನ್ನೇ ಕಳಚಿ ಕೊಟ್ಟು ತಪ್ಪಿಸಿಕೊಂಡಿದ್ದಳು. ಅದೇ ಜಾಗದಲ್ಲಿ ಹೊಸದು ಬೆಳೆದಿತ್ತು. ಮೇಷ್ಟ್ರು ಅದನ್ನೂ ಮರದ ಮೇಲಿಂದ ನೋಡಿದ್ದರು.

"ನಿಂಗವ್ವ, ನಿನಗೆ ಕಲಿಸೋಕೆ ನನ್ನ ಹತ್ತಿರ ಏನೂ ಇಲ್ಲ. ಹುಲಿಯಿಂದ, ಕೊಕ್ಕರೆಯಿಂದ ತಪ್ಪಿಸಿಕೊಂಡವಳು ನೀನು. ಅಡ್ಡಡ್ಡಕ್ಕೇ ಹೋಗು. ನೀನು ಹೇಗೆ ನಡೀತೀಯೋ ಹಾಗೇ ನಡಿ."

ನಿಂಗವ್ವ ಮರಿಗಳನ್ನು ಒದ್ದೆ ಎಲೆಯೊಂದರ ಮೇಲೆ ಮೆಲ್ಲಗೆ ಇಳಿಸಿ, ಎಲೆಯನ್ನು ಮೇಷ್ಟ್ರ ಕಾಲ ಬಳಿಗೆ ತಳ್ಳಿದಳು. "ಒಣಗದ ಹಾಗೆ ನೋಡಿಕೊಳ್ಳಿ," ಎಂದು ಅಂಗಳಕ್ಕೆ ಹೋದಳು. ಉಳಿದ ನಾಲ್ವರೂ ಅವಳ ಹಿಂದೆ ಹೋದರು. ಈ ಸಲ ಯಾರೂ ಗರ್ಜಿಸಲಿಲ್ಲ.

ಗೌರಜ್ಜಿ ಊದಿದಳು. ಬೋರಯ್ಯ ದಾಳಿಗೆ ಹೋದ. ಕಬಡ್ಡಿ, ಕಬಡ್ಡಿ, ಕಬಡ್ಡಿ. ಮೂಲೆಯಿಂದ ಮೂಲೆಗೆ ಸುತ್ತಿದ. ಹಂದಿಗಳು ಅವನ ಉಸಿರು ಮುಗಿಯಲಿ ಎಂದು ಕಾದವು. ಇಪ್ಪತ್ತಾಯಿತು, ನಲವತ್ತಾಯಿತು. ಮುಸುವ ಬೇಸತ್ತು ಹೇನು ಹೆಕ್ಕಲು ಕೂತ. ಬೋರಯ್ಯ ಅವನ ಬಾಲ ಮುಟ್ಟಿ, ಇನ್ನೂ ಕಬಡ್ಡಿ ಕಬಡ್ಡಿ ಎನ್ನುತ್ತಲೇ ವಾಪಸ್ ಬಂದ. ಬಂದ ಮೇಲೂ ನಿಲ್ಲಿಸಲಿಲ್ಲ, ದೊಡ್ಡತಾಯಿ ಗದರಿಸಬೇಕಾಯಿತು.

ಆಮೇಲೆ ಒಂದು ಹಂದಿ ದಾಳಿಗೆ ಬಂತು. ಕಾಳಪ್ಪ ಅದರ ಹಿಂಗಾಲು ಹಿಡಿದ. ಮೇಷ್ಟ್ರು ಹೇಳಿದ ಹಾಗೆ ದೊಡ್ಡತಾಯಿ ಅವನ ಬಾಲದ ಮೇಲೆ ಕೂತಳು. ಹಂದಿ ಎಳೆಯಿತು, ಜಗ್ಗಿತು, ಉಸಿರು ಬಿಟ್ಟಿತು. ಒಂದು ಅತ್ತಿಕಾಯಿ ಈಚೆ ಬಂತು. ಚೆಲುವಿ ಹೆದರಿಕೊಂಡೇ ಹೋಗಿ, ಕಡವೆಯ ಗೊರಸು ಮುಟ್ಟಿ, ಅದು ತಲೆ ಬಗ್ಗಿಸಿ ನೋಡುವಷ್ಟರಲ್ಲಿ ಮನೆಯಲ್ಲಿದ್ದಳು.

ಗುಡ್ಡದವರೂ ಕೈಕಟ್ಟಿ ಕೂರಲಿಲ್ಲ. ಕೆಂಚಣ್ಣ ಮೂರು ಸಲ ಬಂದು ಮೂರು ಅಂಕ ಕಿತ್ತುಕೊಂಡು ಹೋದ. ಆದರೆ ಅತ್ತಿಕಾಯಿಗಳು ಒಂದೊಂದೇ ಈ ಕಡೆಗೂ ಬೀಳುತ್ತಾ ಬಂದವು. ನೆರಳು ಮರದ ಬುಡಕ್ಕೆ ಗೇಣುದ್ದ ಇರುವಾಗ ಎರಡೂ ಕಡೆ ಹನ್ನೆರಡು ಹನ್ನೆರಡು. ಉಳಿದದ್ದು ಒಂದೇ ದಾಳಿ, ಅದು ನೀರಂಚಿನವರದು.

ನಿಂಗವ್ವ ಗೆರೆ ದಾಟಿದಳು.

ಕೆಂಚಣ್ಣ ಅವಳು ನೇರ ಬರುತ್ತಾಳೆ ಎಂದು ಎದುರಿಗೇ ನಿಂತಿದ್ದ. ಅವಳು ಬರಲಿಲ್ಲ. ಗೆರೆಯುದ್ದಕ್ಕೂ ಎಡಕ್ಕೆ ಸರಿದಳು. ಹಂದಿಗಳು ಎಡಕ್ಕೆ ತಿರುಗಿದವು. ನಿಂಗವ್ವ ಮೈ ತಿರುಗಿಸದೆಯೇ ಬಲಕ್ಕೆ ಓಡಿದಳು. ದಪ್ಪ ಮೈ ತಿರುಗಿಸಿಕೊಂಡು ಬರುವುದರಲ್ಲಿ ಹಂದಿಗಳು ಒಂದಕ್ಕೊಂದು ಡಿಕ್ಕಿ ಹೊಡೆದುಕೊಂಡವು. ಆ ಗಲಾಟೆಯ ಮಧ್ಯೆ ಅವಳು ಕೆಂಚಣ್ಣನ ಹೊಟ್ಟೆಯ ಕೆಳಗೇ ಹಾದು, ಅವನ ಹಿಂಗಾಲಿಗೆ ಕೊಂಡಿ ತಾಗಿಸಿ, ಗೆರೆಯ ಕಡೆ ಓಡಿದಳು.

ಗೆರೆಗೆ ಒಂದು ಅಂಗುಲ ಇತ್ತು. ಆಗ ಕೆಂಚಣ್ಣನ ಗೊರಸು ಅವಳ ಕಾಲೊಂದರ ಮೇಲೆ ಬಿತ್ತು.

ಅತ್ತಿಮರದ ಕೆಳಗೆ ಮೇಷ್ಟ್ರು ಹಳೆಯ ಅಭ್ಯಾಸದಂತೆ 'ಹುಲಿ' ಎಂದು ಕೂಗಲು ಕೊಕ್ಕು ತೆರೆದರು. ಎಲೆಯ ಮೇಲಿನ ಮರಿಗಳನ್ನು ನೋಡಿದರು. ಕೊಕ್ಕು ಮುಚ್ಚಿಕೊಂಡರು. ಅವಳಿಗೆ ಗೊತ್ತು, ಎಂದುಕೊಂಡರು.

ನಿಂಗವ್ವ ಒಂದು ಸಲ ಎಳೆದು ನೋಡಿದಳು. ಗೊರಸು ಅಲುಗಲಿಲ್ಲ. ಕಬಡ್ಡಿ, ಕಬಡ್ಡಿ ಎನ್ನುತ್ತಲೇ ಅವಳು ಕಾಲನ್ನು ಬುಡದಲ್ಲಿ ಕಳಚಿದಳು. ಟಪ್ ಎಂದು ಒಂದು ಸದ್ದಾಯಿತು. ಕಾಲು ಆಚೆ ಉಳಿಯಿತು, ನಿಂಗವ್ವ ಈಚೆ ಬಂದಳು.

ಕೆಂಚಣ್ಣ ಗುಟುರು ಹಾಕಿದ. "ನಾನು ಹಿಡಿದಿದ್ದೀನಿ ಗೌರಜ್ಜಿ. ಇಲ್ಲಿ ನೋಡು, ನನ್ನ ಕಾಲಡಿ ಇದ್ದಾಳೆ."

ಗೌರಜ್ಜಿ ನಿಧಾನವಾಗಿ ನಡೆದು ಬಂದಳು. ಗೊರಸಿನ ಕೆಳಗೆ ನೋಡಿದಳು. ಗೆರೆಯ ಈಚೆ ಇನ್ನೂ ಉಸಿರು ಬಿಡದೆ ನಿಂತ ನಿಂಗವ್ವನನ್ನೂ ನೋಡಿದಳು.

"ಕೆಂಚ, ನಿನ್ನ ಹತ್ತಿರ ಇರೋದು ಕಾಲು. ಆಟ ಆಡಿದ್ದು ನಿಂಗವ್ವ. ಅವಳು ಮನೆ ಸೇರಿದ್ದಾಳೆ."

ಎಂದವಳೇ ಹದಿಮೂರನೇ ಅತ್ತಿಕಾಯಿಯನ್ನು ನೀರಂಚಿನವರ ಕಡೆ ಇಟ್ಟಳು. ಅಷ್ಟರಲ್ಲಿ ನೆರಳು ಮರದ ಬುಡ ಮುಟ್ಟಿತ್ತು.

ಬೋರಯ್ಯ ಅಂದು ಮಾಡಿದ ವಟವಟವನ್ನು ಗುಡ್ಡದವರು ಇವತ್ತಿಗೂ ಮರೆತಿಲ್ಲ. ಕಾಳಪ್ಪ ಬಾಲ ಊದಿಸಿಕೊಂಡು ಕೂತಿದ್ದ, ಆದರೂ ನಗುತ್ತಿದ್ದ. ನಿಂಗವ್ವ ಮೇಷ್ಟ್ರ ಬಳಿಗೆ ಬಂದಾಗ ಅವರು ಕೊಕ್ಕಿನಲ್ಲಿ ನೀರು ತಂದು ಎಲೆಯ ಮೇಲೆ ಹನಿಸುತ್ತಿದ್ದರು. ಮರಿಗಳೆಲ್ಲ ಮಿಸುಕಾಡುತ್ತಿದ್ದವು.

"ನೋಯ್ತಾ ನಿಂಗವ್ವ?" ಎಂದು ಕೇಳಿದರು ಮೇಷ್ಟ್ರು.

"ನೋಯ್ತು. ಬೆಳೆಯುತ್ತೆ ಬಿಡಿ," ಎಂದಳು ಅವಳು. ಅವತ್ತೇ ಸಂಜೆಗೆ ಮುಂಚೆ ನೆರಳುದಂಡೆಯ ಒದ್ದೆ ಮಣ್ಣಲ್ಲಿ ಬಿಲ ತೋಡಲು ಕೂತಳು. ಉಳಿದ ಕಾಲುಗಳು ಆ ಕೆಲಸಕ್ಕೆ ಧಾರಾಳವಾಗಿ ಸಾಕಾದವು.

ಆ ಬೇಸಿಗೆ ಬಿಸಿಲುದಂಡೆಯಲ್ಲಿ ಕೂತು ಕೂತು ಕೆಂಚಣ್ಣನಿಗೆ ಯೋಚಿಸಲು ಬೇಕಾದಷ್ಟು ಹೊತ್ತು ಸಿಕ್ಕಿತು. ಒಂದು ದಿನ ಅವನು ಅತ್ತಿಮರದ ಬಳಿಗೆ ಬಂದು ಅಭ್ಯಾಸ ಬಲದಿಂದ ಮೇಲೆ ನೋಡಿದ. ಕೊಂಬೆ ಖಾಲಿ ಇತ್ತು. ಮೇಷ್ಟ್ರು ನೆಲದ ಮೇಲೆ ಏಡಿಮರಿಗಳ ಮಧ್ಯೆ ನಿಂತು ಅವುಗಳ ನಡಿಗೆ ನೋಡುತ್ತಿದ್ದರು.

"ಮೇಷ್ಟ್ರೇ, ಅರ್ಧ ಆಟದಲ್ಲಿ ಇವರಿಗೆ ಒಂದು ಭಾಷಣ ಮಾಡಿದಿರಲ್ಲ, ಅದನ್ನ ನಮಗೂ ಹೇಳಿಕೊಡಿ," ಎಂದ ಕೆಂಚಣ್ಣ.

"ಅದು ಇವರದ್ದಪ್ಪ, ನಿಮಗೆ ಒಗ್ಗಲ್ಲ," ಎಂದರು ಮೇಷ್ಟ್ರು. "ನಾಳೆ ಬೆಳಗ್ಗೆ ನಿಮ್ಮ ದಂಡೆಗೆ ಬರ್ತೀನಿ. ನಾಲ್ಕು ದಿನ ನಿಮ್ಮ ಜೊತೆ ಕೂತು ನಿಮ್ಮನ್ನ ನೋಡ್ತೀನಿ. ಆಮೇಲೆ ಹೇಳ್ತೀನಿ."

ನೀತಿ: ಇಲ್ಲದ ಬಲವನ್ನು ಹೊಗಳುವ ದೊಡ್ಡ ಮಾತಿಗಿಂತ, ಇರುವ ಬಲವನ್ನು ಹತ್ತಿರದಿಂದ ಕಂಡು ಹೇಳುವ ಸಣ್ಣ ಮಾತೇ ಗೆಲ್ಲಿಸುತ್ತದೆ.